ದಿವಾಳಿ ಮುಗಿದರೂ ಮನೆ ಬಿಡದ ಜಡ್ಜ್‌ಮೆಂಟ್ ಲೀನ್: ಅಮೆರಿಕದಲ್ಲಿ ಅದನ್ನು ತೆಗೆಸುವ ಸಮಗ್ರ ಮಾರ್ಗದರ್ಶಿ

ಚಾಪ್ಟರ್ 7 (ವಿನಾಯಿತಿಗೆ ಮೀರಿದ ಆಸ್ತಿ ಮಾರಿ ಉಳಿದ ಸಾಲ ಮನ್ನಾ ಮಾಡುವ ಬಗೆಯ) ದಿವಾಳಿ ಅರ್ಜಿ ಹಾಕಿ, ಡಿಸ್ಚಾರ್ಜ್, ಅಂದರೆ ಸಾಲ ಮನ್ನಾ ಆದೇಶ ಕೈಗೆ ಬಂದ ಮೇಲೆ ಕ್ರೆಡಿಟ್ ಕಾರ್ಡಿನ ಸಾಲದ ಕಥೆ ಮುಗಿಯಿತು ಅಂತಲೇ ಎಲ್ಲರೂ ತಿಳಿಯುತ್ತಾರೆ. ನಾಲ್ಕೈದು ವರ್ಷ ಬಿಟ್ಟು ಮನೆ ಮಾರಲೋ ರೀಫೈನಾನ್ಸ್ ಮಾಡಿಸಲೋ ಹೋದಾಗ ಮನೆಯ ಒಡೆತನದ ದಾಖಲೆ ಪರಿಶೀಲಿಸುವ ಟೈಟಲ್ ಕಂಪನಿಯವರು ಹಾಳೆಯೊಂದನ್ನು ಮುಂದಿಡುತ್ತಾರೆ. ದಿವಾಳಿಗೂ ಮುಂಚೆ ಬ್ಯಾಂಕಿನವರು ಪಡೆದ ಜಡ್ಜ್‌ಮೆಂಟ್ (ಕೋರ್ಟ್ ತೀರ್ಪು) ಲೀನ್ ಆಗಿ, ಅಂದರೆ ಸಾಲಕ್ಕೆ ಮನೆಯ ಮೇಲಿನ ಹಕ್ಕಾಗಿ, ಹಾಗೇ ಕೂತಿದೆ, ಬಡ್ಡಿಯೂ ಬೆಳೆದಿದೆ.

ಇದು ಯಾರದೋ ಕೈತಪ್ಪಿನಿಂದ ಉಳಿದದ್ದಲ್ಲ, ಕಾನೂನು ಇರುವುದೇ ಹಾಗೆ. ಡಿಸ್ಚಾರ್ಜ್ ಅಳಿಸುವುದು ನಿಮ್ಮ ವೈಯಕ್ತಿಕ ಹೊಣೆಯನ್ನು ಮಾತ್ರ. ಅಂದರೆ ಸಂಬಳಕ್ಕೆ, ಬ್ಯಾಂಕ್ ಖಾತೆಗೆ ಅವರು ಇನ್ನು ಕೈಹಾಕುವಂತಿಲ್ಲ. ಪಹಣಿಯಲ್ಲಿ ಸೊಸೈಟಿಯ ಸಾಲ ಕೂತ ಹಾಗೆ ಮನೆಯ ದಾಖಲೆಯಲ್ಲಿ ಕೂತ ಲೀನ್ ಬೇರೆಯೇ ಹಕ್ಕು. ಅದು ದಿವಾಳಿಯನ್ನು ದಾಟಿ ಉಳಿಯುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1886ರಲ್ಲೇ ಹೇಳಿದೆ. ತೆಗೆಸಬೇಕಾದರೆ ದಿವಾಳಿ ಸಂಹಿತೆಯ 522(ಎಫ್) ಕಲಮಿನಡಿ ಪ್ರತ್ಯೇಕ ಮೋಷನ್ (ಕೋರ್ಟಿಗೆ ಕೋರಿಕೆ) ಹಾಕಬೇಕು. ನೀವು ಕೇಳದಿದ್ದರೆ ಕೋರ್ಟ್ ತಾನಾಗಿ ತೆಗೆಯುವುದಿಲ್ಲ, ದಿವಾಳಿ ಕೇಸ್ ನೋಡಿಕೊಳ್ಳುವ ಟ್ರಸ್ಟಿಗೆ ಅದು ಕೆಲಸವಲ್ಲ, ಸಾಲ ಕೊಟ್ಟವರಿಗಂತೂ ಬೇಕಿಲ್ಲ.

ಕೆಳಗಿನ ಮೊತ್ತಗಳು 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವಂಥವು. ಸಂಹಿತೆಯೊಳಗಿನ ಡಾಲರ್ ಮಿತಿಗಳು ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ. ಮುಂದಿನ ಬದಲಾವಣೆ 2028ರ ಏಪ್ರಿಲ್‌ನಲ್ಲಿ. ಎಕ್ಸೆಂಪ್ಷನ್ (ದಿವಾಳಿಯಲ್ಲಿ ಕಾನೂನು ನಿಮಗಾಗಿ ಕಾಪಾಡುವ ಮೊತ್ತ, ವಿನಾಯಿತಿ) ಮತ್ತು ದಾಖಲಾತಿಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ, ಅರ್ಜಿಗೆ ಸಹಿ ಹಾಕುವ ಮುನ್ನ ನಿಮ್ಮ ಊರಿನ ದಿವಾಳಿ ವಕೀಲರಿಗೆ ಒಮ್ಮೆ ಕಾಗದ ತೋರಿಸಿ.

ಮೊದಲು ಲೀನ್ ಯಾವ ಜಾತಿಯದು ನೋಡಿ

522(ಎಫ್) ಅಡಿಯಲ್ಲಿ ಮನೆಯ ಮೇಲಿಂದ ಹೋಗುವುದು ಕೋರ್ಟಿನ ಮೂಲಕ ಹುಟ್ಟಿದ ಲೀನ್ ಮಾತ್ರ. ಕ್ರೆಡಿಟ್ ಕಾರ್ಡ್, ಆಸ್ಪತ್ರೆ ಬಿಲ್, ಪರ್ಸನಲ್ ಲೋನ್, ಅಂಗಡಿ ಬಾಡಿಗೆಗೆ ಕೊಟ್ಟ ಪರ್ಸನಲ್ ಗ್ಯಾರಂಟಿ, ಕಾರ್ ಅಪಘಾತದ ಪರಿಹಾರ, ಇವುಗಳಲ್ಲಿ ಯಾವುದಕ್ಕಾದರೂ ನಿಮ್ಮ ಮೇಲೆ ದಾವೆ ಹೂಡಿ, ಜಡ್ಜ್‌ಮೆಂಟ್ ಪಡೆದು, ಅದನ್ನು ಕೌಂಟಿಯಲ್ಲಿ ದಾಖಲಿಸಿದ್ದರೆ ಅದು ಈ ಸಾಲಿಗೆ ಸೇರುತ್ತದೆ. ತೀರ್ಪಿಗೂ ಮುಂಚೆ ಹಾಕಿಸಿದ ಅಟ್ಯಾಚ್‌ಮೆಂಟ್ (ಆಸ್ತಿ ಜಪ್ತಿ) ಕೂಡ ಸೇರುತ್ತದೆ.

ಮಾರ್ಟ್‌ಗೇಜ್, ಹೋಮ್ ಈಕ್ವಿಟಿ ಲೈನ್ (ಮನೆಯ ಈಕ್ವಿಟಿ, ಅಂದರೆ ಬೆಲೆಯಲ್ಲಿ ಸಾಲ ಕಳೆದು ಉಳಿಯುವ ಪಾಲಿನ ಮೇಲೆ ತೆಗೆದ ಸಾಲ) ಎರಡೂ ನೀವೇ ಸಹಿ ಹಾಕಿ ಕೊಟ್ಟವು, ಆದ್ದರಿಂದ ಈ ಕಲಮಿನಡಿ ಹೋಗುವುದಿಲ್ಲ. ಐಆರ್‌ಎಸ್ (ಫೆಡರಲ್ ತೆರಿಗೆ ಇಲಾಖೆ) ಟ್ಯಾಕ್ಸ್ ಲೀನ್, ಆಸ್ತಿ ತೆರಿಗೆ, ಕಂಟ್ರಾಕ್ಟರ್ ಹಾಕಿದ ಮೆಕ್ಯಾನಿಕ್ಸ್ ಲೀನ್ ಇವು ಶಾಸನದಿಂದಲೇ ಹುಟ್ಟುವಂಥವು, ಇವೂ ಹೋಗುವುದಿಲ್ಲ. ಮಕ್ಕಳ ಅಥವಾ ಸಂಗಾತಿಯ ಜೀವನಾಂಶದ ಬಾಕಿಗೆ ಕೋರ್ಟ್ ಲೀನ್ ಇದ್ದರೂ ಅದಕ್ಕೆ ಕಾನೂನು ಸ್ಪಷ್ಟ ರಕ್ಷಣೆ ಕೊಟ್ಟಿದೆ. ಮಾರ್ಟ್‌ಗೇಜ್ ಫೋರ್‌ಕ್ಲೋಷರ್‌ನಿಂದ ಬಂದ ಜಡ್ಜ್‌ಮೆಂಟ್ ಕೂಡ ಹೊರಗೆ. ಹೋಮ್ ಓನರ್ಸ್ ಅಸೋಸಿಯೇಷನ್‌ನವರದು ಸ್ವಲ್ಪ ಸಿಕ್ಕು: ಅವರು ದಾವೆ ಗೆದ್ದಿದ್ದರೆ ಆ ಜಡ್ಜ್‌ಮೆಂಟ್ ಲೀನ್ ಹೋಗಬಹುದು, ಆದರೆ ಬಾಕಿ ಶುಲ್ಕಕ್ಕೆ ಅವರ ನಿಯಮಾವಳಿ ಮತ್ತು ರಾಜ್ಯದ ಶಾಸನದಿಂದ ಬಂದ ಮೂಲ ಲೀನ್ ಕೆಳಗೆ ಹಾಗೇ ಇರುತ್ತದೆ.

ತಾರೀಖುಗಳು: ಮೋಷನ್ ಗೆಲ್ಲುವುದೂ ಸೋಲುವುದೂ ಇಲ್ಲೇ

ಟೈಟಲ್ ಕಂಪನಿಯಿಂದ ಲೀನ್ ಸರ್ಚ್ ತೆಗೆಸಿ, ಇಲ್ಲವೇ ಕೌಂಟಿ ರೆಕಾರ್ಡರ್ ಕಚೇರಿಯ ಜಾಲತಾಣದಲ್ಲಿ ನಿಮ್ಮ ಹೆಸರಿನ ಎಲ್ಲ ರೂಪಗಳನ್ನೂ ಹುಡುಕಿ. ನಮ್ಮವರ ಹೆಸರಿನ ಮಟ್ಟಿಗೆ ಇದು ಒಣ ಸಲಹೆಯಲ್ಲ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ, ಕ್ರೆಡಿಟ್ ಕಾರ್ಡಿನಲ್ಲಿ ಊರಿನ ಹೆಸರು ಕೊನೆಗೆ ಬಂದು, ಡೀಡಿನಲ್ಲಿ (ಮನೆಯ ಹಕ್ಕುಪತ್ರದಲ್ಲಿ) ಇನಿಷಿಯಲ್ ಮಾತ್ರ ಇರುವ ಮನೆಗಳು ಎಷ್ಟೋ. ಒಂದು ಹೆಸರಿನಲ್ಲಿ ಹುಡುಕಿದರೆ ಇನ್ನೊಂದರಲ್ಲಿ ದಾಖಲಾದ ಲೀನ್ ಕಣ್ಣಿಗೇ ಬೀಳುವುದಿಲ್ಲ.

ಲೀನ್ ಎಲ್ಲಿ ದಾಖಲಾಗುತ್ತದೆ ಎಂಬುದು ರಾಜ್ಯಕ್ಕೊಂದು ಬಗೆ. ಕ್ಯಾಲಿಫೋರ್ನಿಯಾದಲ್ಲಿ ಮತ್ತು ಟೆಕ್ಸಾಸ್‌ನಲ್ಲಿ ಜಡ್ಜ್‌ಮೆಂಟಿನ ಸಾರಾಂಶ ಪತ್ರವನ್ನು ಆಯಾ ಕೌಂಟಿಯಲ್ಲಿ ದಾಖಲಿಸಬೇಕು. ನ್ಯೂಜೆರ್ಸಿಯಲ್ಲಿ ಸುಪೀರಿಯರ್ ಕೋರ್ಟಿನ ಕ್ಲರ್ಕ್ ಬಳಿ ಡಾಕೆಟ್ ಆದರೆ (ಕೋರ್ಟಿನ ಪಟ್ಟಿಗೆ ಸೇರಿದರೆ) ಸಾಕು, ಇಡೀ ರಾಜ್ಯದಲ್ಲಿ ನಿಮ್ಮ ಹೆಸರಿನ ಜಮೀನು, ಮನೆಗಳ ಮೇಲೆಲ್ಲ ಕೂರುತ್ತದೆ. ಹಾಗಾಗಿ ಅಲ್ಲಿ ಕೌಂಟಿ ದಾಖಲೆ ಮಾತ್ರ ನೋಡಿ ಸುಮ್ಮನಾಗಬೇಡಿ.

ಮೂರು ತಾರೀಖುಗಳನ್ನು ಒಂದೇ ಹಾಳೆಯ ಮೇಲೆ ಬರೆದುಕೊಳ್ಳಿ: ಮನೆ ನಿಮ್ಮ ಹೆಸರಿಗಾದ ದಿನ, ಲೀನ್ ದಾಖಲಾದ ದಿನ, ದಿವಾಳಿ ಅರ್ಜಿ ಹಾಕಿದ ಅಥವಾ ಹಾಕಲಿರುವ ದಿನ.

ಮನೆ ಮೊದಲು, ಲೀನ್ ಆಮೇಲೆ. ಈ ಕ್ರಮ ಇರಲೇಬೇಕು. 1991ರ ಫ್ಯಾರಿ ವಿರುದ್ಧ ಸ್ಯಾಂಡರ್‌ಫುಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಲೀನ್ ಅಂಟಿಕೊಳ್ಳುವ ಮುಂಚೆಯೇ ಆಸ್ತಿಯಲ್ಲಿ ನಿಮ್ಮ ಹಕ್ಕು ಇದ್ದಿರಬೇಕು. 2019ರಲ್ಲಿ ಜಡ್ಜ್‌ಮೆಂಟ್ ದಾಖಲಾಗಿ 2021ರಲ್ಲಿ ಮನೆ ಕೊಂಡಿದ್ದರೆ, ಮನೆ ನಿಮ್ಮದಾದ ಗಳಿಗೆಯಲ್ಲೇ ಲೀನ್ ಕೂಡ ಬಂದು ಕೂತಿರುತ್ತದೆ. ಇಂಥ ಲೀನನ್ನು ತೆಗೆಯಲು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿಚ್ಛೇದನದಲ್ಲಿ ಒಬ್ಬರಿಗೆ ಮನೆ, ಇನ್ನೊಬ್ಬರಿಗೆ ಹಣ ಎಂದಾಗಿ ಆ ಹಣಕ್ಕೆ ಮನೆಯ ಮೇಲೆ ಲೀನ್ ಕೂತಿದ್ದರೂ ಇದೇ ತೊಡಕು. ಆ ತೀರ್ಪು ಬಂದದ್ದೇ ಅಂಥ ಪ್ರಕರಣದಲ್ಲಿ.

ಲೀನ್ ದಾಖಲಾಗಿ 90 ದಿನ ಆಗಿಲ್ಲವೇ? ಹಾಗಿದ್ದರೆ ಆಟವೇ ಬೇರೆ. ದಿವಾಳಿಗೆ ಮುಂಚಿನ 90 ದಿನಗಳಲ್ಲಿ ಕೂತ ಲೀನನ್ನು 547ನೇ ಕಲಮಿನಡಿ ಟ್ರಸ್ಟಿ ರದ್ದು ಮಾಡಿಸಬಹುದು. ಕೇಳಲು ಚೆನ್ನಾಗಿದೆ, ಆದರೆ ರದ್ದಾದ ಲೀನಿನ ಜಾಗದಲ್ಲಿ ಟ್ರಸ್ಟಿಯೇ ಬಂದು ಕೂರಲು 551ನೇ ಕಲಮು ಅವಕಾಶ ಕೊಡುತ್ತದೆ. ನಿಮ್ಮ ಎಕ್ಸೆಂಪ್ಷನ್‌ಗೆ ಅಡ್ಡ ಬರುವಷ್ಟು ಭಾಗವನ್ನು ನೀವು ತೆಗೆಸಿಕೊಳ್ಳಬಹುದು, ಅದರಾಚೆಗಿನದು ಟ್ರಸ್ಟಿಯ ಪಾಲು. ಈ ಅವಧಿಯಲ್ಲಿ ಅರ್ಜಿ ಹಾಕಬೇಕೋ ಕಾಯಬೇಕೋ ಎಂಬುದನ್ನು ಅಂಕಿಅಂಶ ಇಟ್ಟುಕೊಂಡು ವಕೀಲರ ಜೊತೆ ಕೂತು ತೀರ್ಮಾನಿಸಬೇಕು.

ಎಕ್ಸೆಂಪ್ಷನ್ ಎಷ್ಟು?

ಲೀನ್ ಹೋಗುವುದು ನಿಮ್ಮ ಹೋಮ್‌ಸ್ಟೆಡ್ ಎಕ್ಸೆಂಪ್ಷನ್‌ಗೆ, ಅಂದರೆ ವಾಸದ ಮನೆಯಲ್ಲಿ ಕಾನೂನು ನಿಮಗಾಗಿ ಕಾಪಾಡುವ ಮೊತ್ತಕ್ಕೆ, ಅದು ಅಡ್ಡ ಬರುವಷ್ಟು ಮಾತ್ರ. ಫೆಡರಲ್ ಪಟ್ಟಿಯಲ್ಲಿ ಈ ಮೊತ್ತ ಒಬ್ಬರಿಗೆ 31,575 ಡಾಲರ್. ಜಂಟಿ ಹೆಸರಿನಲ್ಲಿ ಮನೆಯಿದ್ದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಅರ್ಜಿ ಹಾಕಿದರೆ 63,150. ನ್ಯೂಜೆರ್ಸಿಗೆ ಸ್ವಂತ ಹೋಮ್‌ಸ್ಟೆಡ್ ವಿನಾಯಿತಿಯೇ ಇಲ್ಲದ್ದರಿಂದ ಅಲ್ಲಿಯವರು ಫೆಡರಲ್ ಪಟ್ಟಿ ಹಿಡಿಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಫೆಡರಲ್ ಪಟ್ಟಿಗೆ ಅವಕಾಶವಿಲ್ಲ, ರಾಜ್ಯದ್ದೇ ಎರಡು ಪಟ್ಟಿಗಳಿವೆ. ಮನೆಯಲ್ಲಿ ಈಕ್ವಿಟಿ ಇರುವವರು ಆರಿಸುವ ಪಟ್ಟಿಯಲ್ಲಿ ಕೌಂಟಿಯ ಮಧ್ಯಮ (ಮೀಡಿಯನ್) ಮನೆ ಬೆಲೆಯನ್ನು ಹಿಡಿದು ಕನಿಷ್ಠ 3 ಲಕ್ಷ, ಗರಿಷ್ಠ 6 ಲಕ್ಷ ಡಾಲರ್ ಎಂದು 2021ರಲ್ಲಿ ಜಾರಿಗೆ ಬಂತು. ಹಣದುಬ್ಬರಕ್ಕೆ ತಕ್ಕಂತೆ ಅದು ವರ್ಷವರ್ಷ ಏರುತ್ತಿದೆ. ಬೇ ಏರಿಯಾದಲ್ಲಿ ಮನೆಯಿರುವವರ ಲೀನ್ ಸುಲಭವಾಗಿ ಹಾರಿಹೋಗಲು ಇದೇ ಕಾರಣ. ವಾಷಿಂಗ್ಟನ್ ರಾಜ್ಯದಲ್ಲಿ 1,25,000 ಡಾಲರ್ ಅಥವಾ ಕೌಂಟಿಯ ಮಧ್ಯಮ (ಮೀಡಿಯನ್) ಮಾರಾಟ ಬೆಲೆ, ಯಾವುದು ಹೆಚ್ಚೋ ಅದು. ಮ್ಯಾಸಚೂಸೆಟ್ಸ್‌ನಲ್ಲಿ ಘೋಷಣಾ ಪತ್ರ ದಾಖಲಿಸಿದವರಿಗೆ 2024ರಿಂದ 10 ಲಕ್ಷ ಡಾಲರ್, ದಾಖಲಿಸದವರಿಗೆ ಬರೀ 1,25,000. ಒಂದೇ ಒಂದು ಕಾಗದದಿಂದ ಆಗುವ ವ್ಯತ್ಯಾಸ ಇದು.

ಟೆಕ್ಸಾಸ್ ಮತ್ತು ಫ್ಲಾರಿಡಾದಲ್ಲಿ ವಾಸದ ಮನೆಗೆ ಬೆಲೆಯ ಮಿತಿಯಿಲ್ಲ, ಜಾಗದ ವಿಸ್ತೀರ್ಣಕ್ಕೆ ಮಾತ್ರ ಮಿತಿ. ಸಾಮಾನ್ಯ ಜಡ್ಜ್‌ಮೆಂಟ್ ಅಲ್ಲಿ ವಾಸದ ಮನೆಗೆ ಅಂಟುವುದೇ ಇಲ್ಲ. ಆದರೂ ಕೌಂಟಿ ದಾಖಲೆಯಲ್ಲಿ ಕಾಣುವುದರಿಂದ ಮಾರಾಟದ ದಿನ ಕಿರಿಕಿರಿ ತಪ್ಪದು. ಟೆಕ್ಸಾಸ್‌ನಲ್ಲಿ ಇದಕ್ಕೆಂದೇ ಹೋಮ್‌ಸ್ಟೆಡ್ ಅಫಿಡವಿಟ್ ಇದೆ. ಸಾಲ ಕೊಟ್ಟವರಿಗೆ ನೋಟಿಸ್ ಕೊಟ್ಟು, 30 ದಿನ ಕಾದು, ಅದನ್ನು ದಾಖಲಿಸಿದರೆ ಮನೆಯ ಮಟ್ಟಿಗೆ ಲೀನ್ ಬಿಡುಗಡೆಯಾದಂತೆ. ಇದೊಂದೇ ತೊಂದರೆ ಇರುವವರು ದಿವಾಳಿಯ ಮಾತೇ ಎತ್ತಬೇಕಿಲ್ಲ.

ಇತ್ತೀಚೆಗೆ ರಾಜ್ಯ ಬದಲಿಸಿದವರು ಎರಡು ಅಂಕಿ ನೆನಪಿಡಬೇಕು. ಅರ್ಜಿಗೆ ಮುಂಚಿನ 730 ದಿನ ಒಂದೇ ರಾಜ್ಯದಲ್ಲಿ ಇಲ್ಲದಿದ್ದರೆ ಹಿಂದಿನ ರಾಜ್ಯದ ಎಕ್ಸೆಂಪ್ಷನ್ ಕಾನೂನು ಅನ್ವಯಿಸಬಹುದು. ಮನೆಯ ಹಕ್ಕನ್ನು 1,215 ದಿನಗಳೊಳಗೆ ಪಡೆದಿದ್ದರೆ, ರಾಜ್ಯ ಎಷ್ಟೇ ಉದಾರವಾಗಿದ್ದರೂ ಮಿತಿ 2,14,000 ಡಾಲರ್ (ಅದೇ ರಾಜ್ಯದ ಹಿಂದಿನ ಮನೆಯಿಂದ ತಂದ ಈಕ್ವಿಟಿ ಈ ಲೆಕ್ಕಕ್ಕಿಲ್ಲ). ನ್ಯೂಜೆರ್ಸಿಯಿಂದ ಡಲ್ಲಾಸ್‌ಗೆ ಬಂದು ವರ್ಷದೊಳಗೆ ಟೆಕ್ಸಾಸ್‌ನ ಮಿತಿಯಿಲ್ಲದ ವಿನಾಯಿತಿ ಸಿಗುತ್ತದೆಂದು ನಂಬಿ ಅರ್ಜಿ ಹಾಕಿದರೆ ನಿರಾಸೆಯೇ ಗತಿ.

ಲೆಕ್ಕ

1994ರ ತಿದ್ದುಪಡಿ ಈ ಲೆಕ್ಕದ ಸೂತ್ರವನ್ನು ಕಾನೂನಿನಲ್ಲೇ ಬರೆದಿಟ್ಟಿತು. ತೆಗೆಸಬೇಕಾದ ಲೀನ್, ಮನೆಯ ಮೇಲಿನ ಉಳಿದೆಲ್ಲ ಲೀನ್‌ಗಳು, ನಿಮ್ಮ ಎಕ್ಸೆಂಪ್ಷನ್ ಮೊತ್ತ, ಈ ಮೂರನ್ನೂ ಕೂಡಿ. ಬಂದ ಮೊತ್ತದಿಂದ ಮನೆಯ ಬೆಲೆಯನ್ನು ಕಳೆಯಿರಿ. ಉಳಿದಷ್ಟು ಲೀನ್ ಹೋಗುತ್ತದೆ. ಉಳಿಕೆ ಲೀನ್‌ಗಿಂತ ದೊಡ್ಡದಾದರೆ ಇಡೀ ಲೀನ್ ಹೋಗುತ್ತದೆ, ಏನೂ ಉಳಿಯದಿದ್ದರೆ ಲೀನ್ ಅಲುಗಾಡುವುದಿಲ್ಲ. ಎಲ್ಲ ಅಂಕಿಗಳೂ ದಿವಾಳಿ ಅರ್ಜಿ ಸಲ್ಲಿಸಿದ ದಿನದವು.

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದೆ, ಇಬ್ಬರೂ ಸೇರಿ ಅರ್ಜಿ ಹಾಕಿದ್ದಾರೆ, ಜಡ್ಜ್‌ಮೆಂಟೂ ಇಬ್ಬರ ಮೇಲಿದೆ.

ಮಾರ್ಟ್‌ಗೇಜ್ ಬಾಕಿ: 4,10,000
ಈಕ್ವಿಟಿ ಲೈನ್ ಬಾಕಿ: 60,000
ಎಕ್ಸೆಂಪ್ಷನ್: 63,150
ಜಡ್ಜ್‌ಮೆಂಟ್ ಲೀನ್, ಬಡ್ಡಿ ಸೇರಿ: 38,000
ಒಟ್ಟು: 5,71,150 ಡಾಲರ್

ಮನೆಯ ಬೆಲೆ 5,20,000 ಆದರೆ ಉಳಿಕೆ 51,150. ಲೀನ್ ಇರುವುದೇ 38,000, ಪೂರ್ತಿ ಹೋಯಿತು. ಬೆಲೆ 5,60,000 ಆದರೆ ಉಳಿಕೆ 11,150. ಅಷ್ಟು ಹೋಗಿ 26,850 ಡಾಲರ್ ಲೀನ್ ಮನೆಯ ಮೇಲೆ ಉಳಿಯುತ್ತದೆ. ಬೆಲೆ 6,00,000 ಆದರೆ ಒಂದು ಡಾಲರೂ ಹೋಗುವುದಿಲ್ಲ. ಅಷ್ಟೇ ಅಲ್ಲ, ಎಲ್ಲ ಬಾಕಿ ಮತ್ತು ಎಕ್ಸೆಂಪ್ಷನ್ ಕಳೆದ ಮೇಲೂ 28,850 ಡಾಲರ್ ಬೆಲೆ ಮಿಗುವುದರಿಂದ ಚಾಪ್ಟರ್ 7 ಟ್ರಸ್ಟಿ ಮನೆ ಮಾರುವ ಯೋಚನೆಗೇ ಕೈಹಾಕಬಹುದು. ಲೀನ್ ತೆಗೆಸಲು ಹೋಗಿ ಮನೆ ಕಳೆದುಕೊಳ್ಳುವ ಅಪಾಯ ಇರುವುದು ಇಲ್ಲೇ. ಅದಕ್ಕೇ ಬೆಲೆ ಗೊತ್ತುಮಾಡುವ ಕೆಲಸ ಅರ್ಜಿ ಹಾಕುವ ಮುಂಚೆಯೇ ಆಗಬೇಕು.

ಮನೆಯ ಬೆಲೆಗಿಂತ ಮಾರ್ಟ್‌ಗೇಜೇ ಹೆಚ್ಚಿದ್ದು ಈಕ್ವಿಟಿ ಸೊನ್ನೆಯಾಗಿದ್ದರೂ ಈ ಸೂತ್ರದಲ್ಲಿ ಲೀನ್ ಹೋಗುತ್ತದೆ. "ಈಕ್ವಿಟಿಯೇ ಇಲ್ಲ, ಎಕ್ಸೆಂಪ್ಷನ್ ಯಾಕೆ ಬರೆಯಬೇಕು" ಎಂದು ದಿವಾಳಿ ಅರ್ಜಿಯ ಎಕ್ಸೆಂಪ್ಷನ್ ಪಟ್ಟಿಯಾದ ಶೆಡ್ಯೂಲ್ ಸಿಯಲ್ಲಿ ಆ ಸಾಲು ಖಾಲಿ ಬಿಡುವವರಿದ್ದಾರೆ. ಬಿಡಬೇಡಿ. ಬರೆಯದ ಎಕ್ಸೆಂಪ್ಷನ್‌ಗೆ ಲೀನ್ ಅಡ್ಡ ಬರುವುದಾದರೂ ಹೇಗೆ ಎಂದು ಎದುರು ಪಕ್ಷದವರು ಕೇಳುತ್ತಾರೆ.

ಮನೆ ಇಬ್ಬರ ಹೆಸರಿನಲ್ಲಿದ್ದು ಒಬ್ಬರೇ ಅರ್ಜಿ ಹಾಕಿದಾಗ ಲೆಕ್ಕ ಎಡವುವುದು ಹೆಚ್ಚು. ಬೆಲೆ 5,00,000, ಮಾರ್ಟ್‌ಗೇಜ್ 4,00,000, ಪಾಲು ಅರ್ಧ, ಲೀನ್ 38,000 ಎನ್ನೋಣ. ನಿಮ್ಮ ಅರ್ಧ 2,50,000, ಅದಕ್ಕೆ ಎದುರಾಗಿ ಇಡೀ 4,00,000 ಮಾರ್ಟ್‌ಗೇಜ್ ಎಂದು ಬರೆದರೆ ಲೀನ್ ಪೂರ್ತಿ ಹೋದಂತೆ ಕಾಣುತ್ತದೆ. ಮೂರನೇ ಸರ್ಕ್ಯೂಟ್ (ನ್ಯೂಜೆರ್ಸಿ ಸೇರುವ ಫೆಡರಲ್ ವಲಯ) ಸೇರಿದಂತೆ ಮೇಲ್ಮನವಿ ಕೋರ್ಟುಗಳು ಇದನ್ನು ಒಪ್ಪಿಲ್ಲ. ಇಡೀ ಬೆಲೆಯಿಂದ ಜಂಟಿ ಮಾರ್ಟ್‌ಗೇಜ್ ಮೊದಲು ಕಳೆದು, ಉಳಿದ 1,00,000ದಲ್ಲಿ ಅರ್ಧ, ಅಂದರೆ 50,000 ನಿಮ್ಮ ಪಾಲು ಎಂದು ಹಿಡಿಯುತ್ತವೆ. ಲೀನ್ 38,000, ಎಕ್ಸೆಂಪ್ಷನ್ 31,575, ಕೂಡಿದರೆ 69,575. ಅದರಲ್ಲಿ 50,000 ಕಳೆದರೆ 19,575 ಹೋಗುತ್ತದೆ, 18,425 ಉಳಿಯುತ್ತದೆ. ಗಂಡ ಹೆಂಡತಿಯ ಒಡೆತನಕ್ಕೆ ವಿಶೇಷ ರಕ್ಷಣೆ ಇರುವ ರಾಜ್ಯಗಳಲ್ಲಿ ಇದಕ್ಕೂ ಮುಂಚೆ ನೋಡಬೇಕಾದ್ದು, ಒಬ್ಬರ ಸಾಲದ ಲೀನ್ ಜಂಟಿ ಮನೆಗೆ ಎಷ್ಟರ ಮಟ್ಟಿಗೆ ಅಂಟಿದೆ ಎಂಬುದು.

ಎರಡು ಜಡ್ಜ್‌ಮೆಂಟ್‌ಗಳಿದ್ದರೆ ಕೊನೆಗೆ ಬಂದದ್ದರಿಂದ ಶುರುಮಾಡಿ. ಬೆಲೆ 4,80,000, ಮಾರ್ಟ್‌ಗೇಜ್ 4,00,000, ಎಕ್ಸೆಂಪ್ಷನ್ 31,575, 2021ರ ಲೀನ್ 30,000, 2023ರ ಲೀನ್ 25,000. ಎಲ್ಲ ಕೂಡಿದರೆ 4,86,575, ಹೆಚ್ಚಾಗಿರುವುದು 6,575. ಅದು 2023ರ ಲೀನಿನಿಂದ ಹೋಗಬೇಕು. ಹೋದ ಭಾಗವನ್ನು ಮುಂದಿನ ಲೆಕ್ಕಕ್ಕೆ ಸೇರಿಸುವಂತಿಲ್ಲವಾದ್ದರಿಂದ 2021ರದು ಹಾಗೇ ನಿಲ್ಲುತ್ತದೆ. ಹಳೆಯದರಿಂದ ಶುರುಮಾಡಿ ಬರೆದ ಮೋಷನ್‌ಗೆ ಹಳೆಯ ಲೀನಿನವರು ಆಕ್ಷೇಪ ಹಾಕುತ್ತಾರೆ, ಗೆಲ್ಲುತ್ತಾರೆ ಕೂಡ.

ಚಾಪ್ಟರ್ 7 ಅಥವಾ 13

ಮೋಷನ್ ಎರಡರಲ್ಲೂ ನಡೆಯುತ್ತದೆ. ಆದಾಯ ಮೀನ್ಸ್ ಟೆಸ್ಟಿನ (ಚಾಪ್ಟರ್ 7ಕ್ಕೆ ಆದಾಯ ಹೆಚ್ಚಾಗಿಲ್ಲವೇ ಎಂಬ ಪರೀಕ್ಷೆಯ) ಮಿತಿಯೊಳಗಿದ್ದರೆ, ಮನೆಯಲ್ಲಿ ವಿನಾಯಿತಿಗೆ ಮೀರಿದ ಈಕ್ವಿಟಿ ಇಲ್ಲದಿದ್ದರೆ, ಹಿಂದಿನ ಎಂಟು ವರ್ಷದೊಳಗೆ ಹಾಕಿದ ಚಾಪ್ಟರ್ 7 ಅರ್ಜಿಯಲ್ಲಿ ಡಿಸ್ಚಾರ್ಜ್ ಸಿಕ್ಕಿರದಿದ್ದರೆ 7ನೆಯದೇ ಸಲೀಸು: ಶುಲ್ಕ 338 ಡಾಲರ್, ಹೆಚ್ಚೂಕಡಿಮೆ ನಾಲ್ಕು ತಿಂಗಳ ಕೆಲಸ. 13ಕ್ಕೆ 313 ಡಾಲರ್, ಆದರೆ ಮೂರರಿಂದ ಐದು ವರ್ಷ ಕಂತು ಕಟ್ಟಬೇಕು. ಈಕ್ವಿಟಿ ಹೆಚ್ಚಿದ್ದು ಮನೆ ಉಳಿಸಿಕೊಳ್ಳಬೇಕಾದವರಿಗೆ 13 ಬೇಕು. ಅದಕ್ಕೂ ಸಾಲದ ಮಿತಿಯಿದೆ: ಅಡಮಾನ ಸಾಲ 15,80,125 ಡಾಲರ್, ಅಡಮಾನವಿಲ್ಲದ್ದು 5,26,700. ಸನ್ನಿವೇಲ್, ಕ್ಯೂಪರ್ಟಿನೋ ಕಡೆಯ ಮಾರ್ಟ್‌ಗೇಜ್‌ಗಳು ಮೊದಲನೇ ಮಿತಿಯನ್ನು ಸುಲಭವಾಗಿ ದಾಟುತ್ತವೆ.

13ರಲ್ಲಿ ಪ್ರತ್ಯೇಕ ಮೋಷನ್ ಬದಲು ಮರುಪಾವತಿ ಯೋಜನೆಯಲ್ಲೇ ಲೀನ್ ತೆಗೆಯಲು ಕೇಳಬಹುದು. ರಾಷ್ಟ್ರೀಯ ಮಾದರಿ ಫಾರ್ಮ್ 113ರಲ್ಲಿ ಅದಕ್ಕೆ 3.4ನೇ ಭಾಗವಿದೆ. ಒಂದು ಎಚ್ಚರ: ಕಂತು ತಪ್ಪಿ ಕೇಸ್ ಡಿಸ್ಮಿಸ್ ಆದರೆ 349ನೇ ಕಲಮಿನ ಪ್ರಕಾರ ತೆಗೆದ ಲೀನ್ ವಾಪಸ್ ಬಂದು ಕೂರುತ್ತದೆ.

ಅರ್ಜಿಯಲ್ಲಿ ಏನು ಎಲ್ಲಿ ಬರಬೇಕು

ಅರ್ಜಿಗೆ ಮುಂಚಿನ 180 ದಿನಗಳೊಳಗೆ ಮಾನ್ಯತೆ ಪಡೆದ ಸಂಸ್ಥೆಯಿಂದ ಕ್ರೆಡಿಟ್ ಕೌನ್ಸೆಲಿಂಗ್ ಮುಗಿದಿರಬೇಕು. ಆಮೇಲೆ ಶೆಡ್ಯೂಲ್‌ಗಳು. ಎ/ಬಿಯಲ್ಲಿ ಮನೆ ಮತ್ತು ಅದರ ಬೆಲೆ, ಸಿಯಲ್ಲಿ ಎಕ್ಸೆಂಪ್ಷನ್ ಮತ್ತು ಅದರ ಕಲಮು, ಡಿಯಲ್ಲಿ ಮಾರ್ಟ್‌ಗೇಜಿನ ಜೊತೆಗೆ ಜಡ್ಜ್‌ಮೆಂಟ್ ಲೀನ್. ಜಡ್ಜ್‌ಮೆಂಟನ್ನು ಸಾದಾ ಸಾಲವೆಂದು ಇ/ಎಫ್‌ನಲ್ಲಿ ಮಾತ್ರ ಬರೆದಿದ್ದರೆ, ಆಮೇಲೆ ಮೋಷನ್ ಹಾಕುವಾಗ ನಿಮ್ಮ ಕಾಗದವೇ ನಿಮಗೆ ಎದುರಾಡುತ್ತದೆ. ಮೂರೂ ಕಡೆ ಮನೆಯ ಬೆಲೆ ಒಂದೇ ಇರಲಿ.

ಎ/ಬಿಯಲ್ಲಿ ನಮ್ಮವರು ಮರೆಯುವುದು ಊರಿನ ಆಸ್ತಿ. ಆಸ್ತಿ ಜಗತ್ತಿನ ಎಲ್ಲೇ ಇರಲಿ ದಿವಾಳಿಯ ವ್ಯಾಪ್ತಿಗೆ ಬರುತ್ತದೆ. ಬಿಡಿಎ ಸೈಟು, ಎನ್‌ಆರ್‌ಇ, ಎನ್‌ಆರ್‌ಓ ಖಾತೆ, ಪಿಪಿಎಫ್, ಎಲ್‌ಐಸಿ ಪಾಲಿಸಿ, ಅಮ್ಮನ ಜೊತೆ ಜಂಟಿಯಾಗಿರುವ ಎಫ್‌ಡಿ, ಎಲ್ಲವೂ ಬರೆಯಬೇಕು. ಭಾಗವಾಗದ ಪಿತ್ರಾರ್ಜಿತ ತೋಟದಲ್ಲಿ ಪಾಲಿದ್ದರೆ ಅದೂ ಆಸ್ತಿಯೇ. ಹೆಣ್ಣುಮಕ್ಕಳಿಗೂ ಈ ಹಕ್ಕನ್ನು ಕರ್ನಾಟಕ 1994ರಲ್ಲಿ, ಇಡೀ ದೇಶಕ್ಕೆ ಕೇಂದ್ರ 2005ರಲ್ಲಿ ಕೊಟ್ಟಿದೆ. "ಅಪ್ಪ ಇನ್ನೂ ಪಾಲು ಮಾಡಿಲ್ಲ" ಎಂಬುದು ಉತ್ತರವಲ್ಲ. ಅರ್ಜಿ ಹಾಕಿದ 180 ದಿನಗಳೊಳಗೆ ಯಾರಾದರೂ ತೀರಿಕೊಂಡು ಪಾಲು ಬಂದರೆ ಅದನ್ನೂ ತಿಳಿಸಬೇಕು. ಬಚ್ಚಿಟ್ಟರೆ ಡಿಸ್ಚಾರ್ಜೇ ಹೋಗಬಹುದು, ಗೊತ್ತಿದ್ದೂ ಬಚ್ಚಿಟ್ಟದ್ದು ಫೆಡರಲ್ ಅಪರಾಧ.

ಹಾಗೆಯೇ, ಅರ್ಜಿಗೆ ಮುಂಚೆ ಅಣ್ಣನ ಕೈಸಾಲ ತೀರಿಸುವುದು, ಮನೆಯನ್ನು ಹೆಂಡತಿ ಹೆಸರಿಗೋ ತಮ್ಮನ ಹೆಸರಿಗೋ ಬರೆದುಕೊಡುವುದು ಬೇಡ. ಸಂಬಂಧಿಕರಿಗೆ ಒಂದು ವರ್ಷದೊಳಗೆ ತೀರಿಸಿದ ಸಾಲವನ್ನು ಟ್ರಸ್ಟಿ ಅವರಿಂದಲೇ ವಾಪಸ್ ಕೇಳಬಹುದು. ಬರೆದುಕೊಟ್ಟ ಮನೆಯನ್ನು ಹಿಂದಕ್ಕೆ ಪಡೆಯುವುದರ ಜೊತೆಗೆ ಅದರ ಮೇಲಿನ ನಿಮ್ಮ ಎಕ್ಸೆಂಪ್ಷನ್‌ಗೂ ಪೆಟ್ಟು ಬೀಳುತ್ತದೆ. ಎಕ್ಸೆಂಪ್ಷನ್ ಹೋದರೆ ಲೀನ್ ತೆಗೆಸುವ ಹಕ್ಕೂ ಅದರ ಹಿಂದೆಯೇ ಹೋಯಿತು.

ಅರ್ಜಿಯ ನಂತರ ಟ್ರಸ್ಟಿಯ ಎದುರು ಪ್ರಶ್ನೋತ್ತರದ 341 ಸಭೆ, ಈಗ ಬಹುತೇಕ ಝೂಮ್‌ನಲ್ಲಿ. ಗುರುತಿನ ಚೀಟಿ ಮತ್ತು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಪುರಾವೆ ಸಿದ್ಧವಿರಲಿ. ಇಂಗ್ಲಿಷ್ ತೊಡಕಿದ್ದರೆ ಮೊದಲೇ ಹೇಳಿ, ಫೋನ್ ಮೂಲಕ ದುಭಾಷಿಯನ್ನು ಉಚಿತವಾಗಿ ಒದಗಿಸುತ್ತಾರೆ.

ಮೋಷನ್

ಇದಕ್ಕೆ ಪ್ರತ್ಯೇಕ ಕೋರ್ಟ್ ಶುಲ್ಕವಿಲ್ಲ. ವಕೀಲರ ಶುಲ್ಕ ಮಾತ್ರ ಬೇರೆ ಇರಬಹುದು: ಚಾಪ್ಟರ್ 7ರ ಒಟ್ಟು ದರದಲ್ಲಿ ಲೀನ್ ಮೋಷನ್ ಸೇರಿದೆಯೇ ಎಂದು ಒಪ್ಪಂದಕ್ಕೆ ಸಹಿ ಹಾಕುವಾಗಲೇ ಕೇಳಿ. ಸೇರಿಲ್ಲದ ಕಾರಣಕ್ಕೇ ಎಷ್ಟೋ ಲೀನ್‌ಗಳು ಹಾಗೇ ಉಳಿದಿವೆ. ಫಾರ್ಮ್ ತುಂಬಿಕೊಡುವ ಪೆಟಿಷನ್ ಪ್ರಿಪೇರರ್‌ಗಳಿಗೆ ಕಾನೂನು ಸಲಹೆ ಕೊಡುವ ಹಕ್ಕಿಲ್ಲ, ಲೀನ್ ತೆಗೆಸಬಹುದೇ ಎಂದು ಅವರನ್ನು ಕೇಳಬೇಡಿ.

ಮೋಷನ್ ಜೊತೆ ಹೋಗಬೇಕಾದ ಕಾಗದಗಳು: ದಾಖಲಾದ ಲೀನ್ ಪತ್ರದ ಪ್ರತಿ, ದಾಖಲೆ ಸಂಖ್ಯೆ ಮತ್ತು ತಾರೀಖು ಕಾಣುವಂತೆ, ಡೀಡ್, ಅರ್ಜಿಯ ದಿನಕ್ಕೆ ಮಾರ್ಟ್‌ಗೇಜ್ ಮತ್ತು ಈಕ್ವಿಟಿ ಲೈನಿನ ಬಾಕಿ ತೋರಿಸುವ ಸ್ಟೇಟ್‌ಮೆಂಟ್, ಶೆಡ್ಯೂಲ್ ಸಿ ಮತ್ತು ಡಿ, ಬೆಲೆಯ ಪುರಾವೆ, ಮೇಲಿನ ಲೆಕ್ಕ, ನಿಮ್ಮ ಪ್ರಮಾಣಪತ್ರ, ಆದೇಶದ ಕರಡು. ಹಲವು ಜಿಲ್ಲೆಗಳಲ್ಲಿ ಇದಕ್ಕೆ ಸ್ಥಳೀಯ ಫಾರ್ಮ್ ಕಡ್ಡಾಯ.

ಬೆಲೆಗೆ ಪರವಾನಗಿ ಇರುವ ಅಪ್ರೈಸರ್ (ಬೆಲೆ ಅಂದಾಜಿಸುವವರ) ವರದಿ ಒಳ್ಳೆಯದು, ಅದು ಅರ್ಜಿಯ ದಿನಾಂಕಕ್ಕೆ ಇರಬೇಕು. ಮನೆ ಬೆಲೆ ಅಂದಾಜು ತೋರಿಸುವ ಝಿಲ್ಲೋ ಜಾಲತಾಣದ ಪುಟದ ಪ್ರಿಂಟ್ ತಂದರೆ ಆಕ್ಷೇಪ ಬಂದ ಕೂಡಲೇ ಬಿದ್ದುಹೋಗುತ್ತದೆ. ಮನೆ ಮಾರಿದರೆ ಕೊಡಬೇಕಾದ ಏಜೆಂಟ್ ಕಮಿಷನ್ನನ್ನು ಬೆಲೆಯಿಂದ ಕಳೆಯಲು ಬಹುತೇಕ ಕೋರ್ಟುಗಳು ಒಪ್ಪುವುದಿಲ್ಲ, ಏಕೆಂದರೆ ಕಾನೂನು ಕೇಳುವುದು ಆ ದಿನದ ಮಾರುಕಟ್ಟೆ ಬೆಲೆ.

ಎಷ್ಟೋ ಮೋಷನ್‌ಗಳು ಸೋಲುವುದು ಲೆಕ್ಕದಲ್ಲಲ್ಲ, ನೋಟಿಸ್ ತಲುಪಿಸುವುದರಲ್ಲಿ. ಎದುರು ಪಕ್ಷ ಕಂಪನಿಯಾದರೆ ಬರೀ ಪಿ.ಓ. ಬಾಕ್ಸಿಗೆ ಕಳಿಸಿದರೆ ಸಾಲದು. 7004ನೇ ನಿಯಮದಂತೆ ಅಧಿಕಾರಿ, ಮ್ಯಾನೇಜಿಂಗ್ ಏಜೆಂಟ್ ಅಥವಾ ನೋಟಿಸ್ ಪಡೆಯಲು ನೇಮಕವಾದ ಏಜೆಂಟ್ ಗಮನಕ್ಕೆಂದು ಬರೆದಿರಬೇಕು. ಠೇವಣಿ ವಿಮೆಯಿರುವ ಬ್ಯಾಂಕ್ ಆದರೆ, ಅದರ ವಕೀಲರು ಈಗಾಗಲೇ ಕೇಸಿಗೆ ಹಾಜರಾಗಿಲ್ಲದಿದ್ದರೆ, ಅಧಿಕಾರಿಯ ವಿಳಾಸಕ್ಕೆ ಸರ್ಟಿಫೈಡ್ ಮೇಲ್‌ನಲ್ಲೇ ಹೋಗಬೇಕು. ರಾಜ್ಯದ ಕೋರ್ಟಿನಲ್ಲಿ ಜಡ್ಜ್‌ಮೆಂಟ್ ಗೆದ್ದುಕೊಟ್ಟ ವಕೀಲರಿಗೆ ಮಾತ್ರ ಕಳಿಸಿ ಕೈತೊಳೆದುಕೊಂಡರೆ, ಎರಡು ವರ್ಷ ಬಿಟ್ಟು "ನಮಗೆ ನೋಟಿಸೇ ಬಂದಿಲ್ಲ" ಎಂದು ಆದೇಶ ರದ್ದು ಮಾಡಿಸಲು ಬರುತ್ತಾರೆ. ಅವರಿಗೂ ಕಳಿಸಿ, ಕಂಪನಿಗೂ ಕಳಿಸಿ. ಸಾಲ ಕೈ ಬದಲಿಸಿದೆಯೇ ನೋಡಿ: ಬ್ಯಾಂಕಿನ ಜಡ್ಜ್‌ಮೆಂಟನ್ನು ಸಾಲ ಕೊಳ್ಳುವ ಕಂಪನಿ ಖರೀದಿಸಿದ್ದರೆ ಮೂಲ ಕೇಸಿನ ಕಡತದಲ್ಲಿ ವರ್ಗಾವಣೆ ಪತ್ರ ಇರುತ್ತದೆ. ಇಬ್ಬರಿಗೂ ನೋಟಿಸ್ ಹೋಗಲಿ.

ಆಕ್ಷೇಪಕ್ಕೆ ಇರುವ ಅವಧಿ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಯಾರೂ ಬರದಿದ್ದರೆ ಬಹಳ ಕಡೆ ವಿಚಾರಣೆ ಇಲ್ಲದೆಯೇ ಆದೇಶವಾಗುತ್ತದೆ. ಬಂದರೆ ಸಾಮಾನ್ಯವಾಗಿ ಜಗಳ ಬೆಲೆಯ ಮೇಲೆ: ಅವರು ತಮ್ಮ ಅಪ್ರೈಸರನ್ನು ತರುತ್ತಾರೆ. ನಡುವಿನ ಮೊತ್ತಕ್ಕೆ ರಾಜಿಯಾಗುವುದು ಕೆಲವೊಮ್ಮೆ ವಿಚಾರಣೆಯ ಖರ್ಚಿಗಿಂತ ಅಗ್ಗ. ಎಕ್ಸೆಂಪ್ಷನ್ ಪ್ರಶ್ನಿಸುವ 30 ದಿನಗಳ ಗಡುವು ಮುಗಿದಿದೆ ಎಂದು ಮೈಮರೆಯಬೇಡಿ. ಲೀನ್ ಮೋಷನ್‌ಗೆ ಉತ್ತರವಾಗಿ ಅದನ್ನು ಆಮೇಲೂ ಪ್ರಶ್ನಿಸಲು 4003ನೇ ನಿಯಮ ಅವರಿಗೆ ಬಿಟ್ಟುಕೊಟ್ಟಿದೆ.

ಕೇಸ್ ಮುಚ್ಚಿ ವರ್ಷಗಳಾಗಿದ್ದರೆ

ಕೇಸನ್ನು ಮತ್ತೆ ತೆರೆಸಬಹುದು. 350(ಬಿ) ಕಲಮಿನಡಿ ಅರ್ಜಿ, ಚಾಪ್ಟರ್ 7ಕ್ಕೆ 260 ಡಾಲರ್ ಶುಲ್ಕ, ನಂತರ ಇದೇ ಮೋಷನ್. ಬೆಲೆ ಮತ್ತು ಬಾಕಿ ಅಂದಿನ ಅರ್ಜಿಯ ದಿನದವೇ ಆಗಿರಬೇಕು. ಮನೆಯ ಬೆಲೆ ಈಗ ಎರಡು ಪಟ್ಟಾಗಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ, ಇದು ನಿಮಗೆ ಅನುಕೂಲ. ಹಳೆಯ ದಿನಾಂಕಕ್ಕೆ ಅಪ್ರೈಸಲ್ ಮಾಡಿಕೊಡುವವರು ಸಿಗುತ್ತಾರೆ. ಹಳೆಯ ಶೆಡ್ಯೂಲ್‌ಗಳು ಫೆಡರಲ್ ಕೋರ್ಟ್ ದಾಖಲೆಗಳ ಪೇಸರ್ ಜಾಲತಾಣದಲ್ಲಿ ಪುಟಕ್ಕೆ 10 ಸೆಂಟ್‌ನಂತೆ ಸಿಗುತ್ತವೆ, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಅದೂ ಉಚಿತ. ತಡ ಮಾಡಿದ್ದರಿಂದ ಎದುರು ಪಕ್ಷಕ್ಕೆ ನಷ್ಟವಾಗಿದ್ದರೆ, ಉದಾಹರಣೆಗೆ ಲೀನನ್ನು ನಂಬಿ ಅವರು ಜಪ್ತಿಯ ಮೇಲೆ ಹಣ ಸುರಿದಿದ್ದರೆ, ಕೋರ್ಟ್ ಆ ಖರ್ಚು ಕೊಡಿಸಬಹುದು ಅಥವಾ ನಿರಾಕರಿಸಲೂಬಹುದು. ಟೈಟಲ್ ಕಂಪನಿ ಲೀನ್ ತೋರಿಸಿತೆಂದು ಹಣ ಕಟ್ಟಿಬಿಡುವ ಮುನ್ನ ಈ ದಾರಿ ನೋಡಿ. ಕ್ಲೋಸಿಂಗ್ (ವ್ಯವಹಾರ ಮುಗಿಯುವ) ದಿನ ಮುಂದಕ್ಕೆ ಹೋದರೂ ಚಿಂತೆಯಿಲ್ಲ.

ಆದೇಶ ಬಂದ ಮೇಲೆ

ಆದೇಶದಲ್ಲಿ ಮನೆಯ ವಿಳಾಸ ಮಾತ್ರ ಇದ್ದರೆ ರೆಕಾರ್ಡರ್ ಕಚೇರಿಗೂ ಟೈಟಲ್ ಕಂಪನಿಗೂ ಸಾಕಾಗುವುದಿಲ್ಲ. ಡೀಡಿನಲ್ಲಿರುವ ಪೂರ್ಣ ಆಸ್ತಿ ವಿವರಣೆ, ಪಾರ್ಸೆಲ್ ಸಂಖ್ಯೆ, ಲೀನ್ ದಾಖಲಾದ ಕೌಂಟಿ, ತಾರೀಖು, ದಾಖಲೆ ಸಂಖ್ಯೆ, ಎಷ್ಟು ಮೊತ್ತ ರದ್ದಾಯಿತು, ಎಷ್ಟು ಉಳಿಯಿತು, ಇಷ್ಟೂ ಕರಡಿನಲ್ಲೇ ಇರಲಿ. ಮೇಲ್ಮನವಿಯ 14 ದಿನ ಕಳೆದ ಮೇಲೆ ದಿವಾಳಿ ಕೋರ್ಟಿನ ಕ್ಲರ್ಕ್ ಬಳಿ ದೃಢೀಕೃತ ಪ್ರತಿ ಪಡೆದು, ಲೀನ್ ದಾಖಲಾಗಿದ್ದ ಪ್ರತಿ ಕೌಂಟಿಯಲ್ಲೂ ದಾಖಲಿಸಿ. ನ್ಯೂಜೆರ್ಸಿಯಲ್ಲಾದರೆ ಜಡ್ಜ್‌ಮೆಂಟ್ ಡಾಕೆಟ್ ಆದ ಸುಪೀರಿಯರ್ ಕೋರ್ಟಿನ ದಾಖಲೆಗೂ ಸೇರಿಸಬೇಕು. ಡಿಸ್ಚಾರ್ಜ್ ಆಗಿ ಒಂದು ವರ್ಷದ ನಂತರ ಜಡ್ಜ್‌ಮೆಂಟನ್ನೇ ದಾಖಲೆಯಿಂದ ರದ್ದುಪಡಿಸುವಂತೆ ಅಲ್ಲಿನ ರಾಜ್ಯ ಕೋರ್ಟನ್ನು ಕೇಳುವ ಶಾಸನವೂ ಇದೆ, ಆದರೆ ದಿವಾಳಿಗೆ ಮುಂಚೆಯೇ ಮನೆಗೆ ಅಂಟಿದ್ದ ಲೀನಿಗೆ ಅದನ್ನೇ ನೆಚ್ಚಿಕೊಳ್ಳಬೇಡಿ, ಮೊದಲು 522(ಎಫ್) ಆದೇಶ ಬೇಕು.

ದಾಖಲಾದ ಪ್ರತಿಯ ಮೇಲೆ ಮುದ್ರೆ ಬಿದ್ದ ನಾಲ್ಕಾರು ವಾರದ ನಂತರ ಮತ್ತೊಮ್ಮೆ ಲೀನ್ ಸರ್ಚ್ ತೆಗೆಸಿ. ಹಳೆಯ ಲೀನ್ ಪತ್ರ ಪಟ್ಟಿಯಲ್ಲಿ ಇನ್ನೂ ಕಾಣುತ್ತದೆ, ಅದನ್ನು ಯಾರೂ ಅಳಿಸುವುದಿಲ್ಲ. ಅದರ ಮುಂದೆ ನಿಮ್ಮ ಆದೇಶದ ದಾಖಲೆ ಸಂಖ್ಯೆಯೂ ಬಂದಿರಬೇಕು, ಅಷ್ಟೇ. ಬಂದಿರದಿದ್ದರೆ ಹೆಚ್ಚಾಗಿ ಹೆಸರಿನ ಅಕ್ಷರವೋ ದಾಖಲೆ ಸಂಖ್ಯೆಯೋ ತಪ್ಪಾಗಿರುತ್ತದೆ. ಕರಡಿನ ತಪ್ಪಾದರೆ ತಿದ್ದಿದ ಆದೇಶಕ್ಕೆ ದಿವಾಳಿ ಕೋರ್ಟನ್ನು ಕೇಳಿ ಮತ್ತೆ ದಾಖಲಿಸಿ.